ಬೆರಳ ತುದಿಯಷ್ಟು ನೋವು, ಎರಡು ವರ್ಷದ ಓಟ

ಕಳೆದ ಭಾನುವಾರ ನನ್ನ ಮೊದಲ ಮ್ಯಾರಥಾನ್ ಓಡಿ ಮುಗಿಸಿದೆ. 42.195 ಕಿಲೋಮೀಟರ್, 4 ಗಂಟೆ 47 ನಿಮಿಷ 36 ಸೆಕೆಂಡ್. ಇವತ್ತು ಗುರುವಾರ. ಮೆಟ್ಟಿಲು ಇಳಿಯುವಾಗ ಇನ್ನೂ ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಹೆಜ್ಜೆ ಇಡುತ್ತಿದ್ದೇನೆ. ಎಡಗಾಲ ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಈ ನೋವು ಆರುವ ಮೊದಲೇ ಎಲ್ಲವನ್ನೂ ಬರೆದಿಡಬೇಕು ಅನ್ನಿಸಿತು.

ನಾನು ಹೆಸರು ಕೊಟ್ಟಿದ್ದು ಇದೇ ಓಟದ ಹಿಂದಿನ ವರ್ಷದ ಆವೃತ್ತಿಗೆ. ನಡುವೆ ಕಾಲಿನ ಮೂಳೆ ಪೆಟ್ಟು ತಿಂದಿತು. ಎಂಟು ವಾರ ಓಡುವಂತಿರಲಿಲ್ಲ. ಆ ವಾರಗಳಲ್ಲಿ ಎಷ್ಟೋ ರಾತ್ರಿ ಎದ್ದು ಕುಳಿತು ಹುಡುಕಿದ್ದೇನೆ: ಇದೇ ಗಾಯವಾದವರು ಯಾರಾದರೂ ಯಾವ ವಾರ ಏನಾಯಿತು, ಯಾವ ಕಾಗದ ಕೇಳಿದರು, ಯಾವಾಗ ಮತ್ತೆ ಓಡಿದೆವು ಎಂದು ಬರೆದಿದ್ದಾರೆಯೇ ಎಂದು. ಸಿಕ್ಕಿದ್ದು ಅಭ್ಯಾಸದ ಕೋಷ್ಟಕಗಳು ಮತ್ತು ಪದಕ ಕಚ್ಚಿ ಹಿಡಿದ ಚಿತ್ರಗಳು. ಆಗ ನನಗೆ ಬೇಕಾಗಿದ್ದ ಬರಹ ಇದು.

ಶುರುವಾಗಿದ್ದು ಎರಡು ವರ್ಷದ ಹಿಂದೆ, ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ. ಮೊದಲ ದಿನ ಎರಡು ನಿಮಿಷ ಓಡುವಷ್ಟರಲ್ಲಿ ಎದೆ ಉರಿದು ನಿಂತೆ. ಮಾರನೆಯ ದಿನದಿಂದ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರಕ್ಕೆ ಮೂರು ದಿನ. ಹತ್ತನೆಯ ವಾರದ ಕೊನೆಗೆ ಅರ್ಧ ಗಂಟೆ ನಿಲ್ಲದೆ ಓಡಿದೆ. ಆ ದಿನ ಮನೆಗೆ ಬಂದು ಶೂ ಬಿಚ್ಚದೆ ಎಷ್ಟೋ ಹೊತ್ತು ಕುಳಿತಿದ್ದೆ. ದೇಹ ನನ್ನ ಮಾತು ಕೇಳುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆರನೆಯ ತಿಂಗಳಲ್ಲಿ 10 ಕಿಲೋಮೀಟರ್ ಓಟವನ್ನು 1 ಗಂಟೆ 4 ನಿಮಿಷದಲ್ಲಿ ಮುಗಿಸಿದೆ. ಅದರ ಮಾರನೆಯ ದಿನವೇ ಆರು ತಿಂಗಳ ಆಚೆಗಿದ್ದ ಮ್ಯಾರಥಾನಿಗೆ ನೋಂದಣಿ ಮಾಡಿಸಿದೆ.

ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಒಂದು ಓಟ ಮುಗಿಸಿದ ವಾರದಲ್ಲಿ ಮುಂದಿನ ಓಟಕ್ಕೆ ಹಣ ಕಟ್ಟಬೇಡಿ. ಆ ವಾರದ ಉತ್ಸಾಹ ನಿಜವಾದದ್ದೇ, ಆದರೆ ಅದು ಲೆಕ್ಕ ಹಾಕುವುದಿಲ್ಲ. ನಾನು ಅರ್ಧ ಮ್ಯಾರಥಾನ್ ಓಡಿರಲಿಲ್ಲ. ವಾರಕ್ಕೆ 28 ಕಿಲೋಮೀಟರಿಗಿಂತ ಹೆಚ್ಚು ಓಡಿದ್ದೇ ಇಲ್ಲ. ಆರು ತಿಂಗಳ ಬಿಡುವು ಬಹಳ ಎಂದುಕೊಂಡಿದ್ದೆ.

ನೋಂದಣಿ ಅರ್ಜಿಯಲ್ಲಿ ಕೇಳಿದ್ದು ಗುರುತಿನ ಚೀಟಿಯಲ್ಲಿರುವ ಹೆಸರು, ರಕ್ತದ ಗುಂಪು, ತುರ್ತು ಸಂದರ್ಭದಲ್ಲಿ ಕರೆಯಬೇಕಾದವರ ಮೊಬೈಲ್ ಸಂಖ್ಯೆ, ಎಷ್ಟು ಹೊತ್ತಿನಲ್ಲಿ ಮುಗಿಸುತ್ತೀರಿ ಎಂಬ ಅಂದಾಜು. ಇದರ ಜೊತೆಗೆ ವೈದ್ಯರ ದೃಢೀಕರಣ ಪತ್ರ ಮತ್ತು ‘ಏನಾದರೂ ಆದರೆ ಹೊಣೆ ನನ್ನದೇ’ ಎಂಬ ಮುಚ್ಚಳಿಕೆ. ನಿಯಮಗಳ ಪುಟ ಉದ್ದವಾಗಿತ್ತು. ಓದದೆ ಒಪ್ಪಿಗೆ ಕೊಟ್ಟೆ. ಶುಲ್ಕ ಮರಳಿಸುವುದಿಲ್ಲ, ಗಾಯವಾದರೆ ಓಟಕ್ಕೆ ನಾಲ್ಕು ವಾರ ಮೊದಲೇ ಅರ್ಜಿ ಹಾಕಿ ಮುಂದಿನ ವರ್ಷಕ್ಕೆ ಸ್ಥಾನ ಉಳಿಸಿಕೊಳ್ಳಬಹುದು ಎಂಬ ಎರಡು ಸಾಲು ಅದರೊಳಗೇ ಇದ್ದವು. ನೀವು ಬೇರೆ ಏನನ್ನೂ ಓದದಿದ್ದರೂ ಈ ಎರಡು ಸಾಲುಗಳನ್ನು ಹುಡುಕಿ ಓದಿ. ಒಂದೊಂದು ಓಟದ ನಿಯಮ ಒಂದೊಂದು ರೀತಿ. ಕೆಲವರು ಸ್ಥಾನ ಉಳಿಸುತ್ತಾರೆ, ಕೆಲವರು ಬೇರೆಯವರಿಗೆ ವರ್ಗಾಯಿಸಲು ಬಿಡುತ್ತಾರೆ, ಕೆಲವರು ಎರಡಕ್ಕೂ ಒಪ್ಪುವುದಿಲ್ಲ.

ಹದಿನೆಂಟು ವಾರದ ಅಭ್ಯಾಸ ಶುರುವಾಯಿತು. ವಾರಕ್ಕೆ ನಾಲ್ಕು ದಿನ ಓಟ: ಎರಡು ದಿನ ನಿಧಾನದ್ದು, ಒಂದು ದಿನ ವೇಗದ್ದು, ಭಾನುವಾರ ಲಾಂಗ್ ರನ್, ಅಂದರೆ ವಾರದ ಅತಿ ಉದ್ದದ ಓಟ. ಕೋಷ್ಟಕದಲ್ಲಿ ನಿಧಾನದ ಓಟ ಎಂದರೆ ಕಿಲೋಮೀಟರಿಗೆ 7 ನಿಮಿಷ 15 ಸೆಕೆಂಡ್. ನಾನು ಅದನ್ನು 6 ನಿಮಿಷ 10 ಸೆಕೆಂಡಿನಲ್ಲಿ ಓಡುತ್ತಿದ್ದೆ. ಉಸಿರು ತಡೆಯುತ್ತಿತ್ತು, ಗಡಿಯಾರದ ಅಂಕಿ ನೋಡಿದರೆ ಸಂತೋಷವಾಗುತ್ತಿತ್ತು. ಒಂದೂವರೆ ತಿಂಗಳಲ್ಲಿ ನಾನು ಓಟಗಾರ್ತಿಯಾಗಿಬಿಟ್ಟೆ ಎಂಬ ಹೆಮ್ಮೆಯೂ ಬಂದಿತ್ತು. ನಡುವೆ ಕೆಲಸದ ಒತ್ತಡದಲ್ಲಿ ಒಂದು ವಾರ ತಪ್ಪಿತು. ಅದನ್ನು ಸರಿದೂಗಿಸಲು ಮೂರೇ ವಾರದಲ್ಲಿ ವಾರದ ದೂರವನ್ನು 28ರಿಂದ 46 ಕಿಲೋಮೀಟರಿಗೆ ಏರಿಸಿದೆ.

ಹೃದಯ, ಶ್ವಾಸಕೋಶ, ಸ್ನಾಯು ಇವೆಲ್ಲ ಹೊಸ ಕೆಲಸಕ್ಕೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತವೆ. ಮೂಳೆ ಹಾಗಲ್ಲ ಎಂಬುದನ್ನು ನಾನು ಆಮೇಲೆ ಕಲಿತೆ. ಭಾರ ಹೆಚ್ಚಾದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ. ಅದು ಕೆಲವೇ ವಾರದ ಕೆಲಸ. ಆ ಜಾಗದಲ್ಲಿ ಹೊಸದನ್ನು ಕಟ್ಟಲು ತಿಂಗಳುಗಳು ಬೇಕು. ಕರಗಿಸಿದ್ದು ಹೆಚ್ಚಾಗಿ ಕಟ್ಟಿದ್ದು ಕಡಿಮೆಯಾಗಿರುವ ಆ ನಡುವಿನ ಅವಧಿಯಲ್ಲಿಯೇ ನಾವು ‘ಈಗ ಗಟ್ಟಿಯಾಗಿದ್ದೇನೆ’ ಎಂದುಕೊಂಡು ಇನ್ನಷ್ಟು ಓಡುತ್ತೇವೆ. ನಾನು ಮಾಡಿದ್ದು ಅಕ್ಷರಶಃ ಅದನ್ನೇ.

ಹನ್ನೊಂದನೆಯ ವಾರದಲ್ಲಿ ಎಡಗಾಲಿನಲ್ಲಿ, ಮೊಣಕಾಲಿನಿಂದ ಕೆಳಗೆ ಒಳಬದಿಯಲ್ಲಿ ನೋವು ಕಾಣಿಸಿಕೊಂಡಿತು. ಮೊದಲು ಓಟ ಮುಗಿದ ಮೇಲೆ ಮಾತ್ರ. ನಂತರ ಓಟದ ಶುರುವಿನಲ್ಲಿ ಬಂದು, ಮೈ ಬಿಸಿಯಾದ ಮೇಲೆ ಮಾಯವಾಗುತ್ತಿತ್ತು. ಆ ಮಾಯವಾಗುವಿಕೆಯೇ ನನ್ನನ್ನು ದಾರಿ ತಪ್ಪಿಸಿತು. ಹೊಸ ಓಟಗಾರರಿಗೆ ಮೊಣಕಾಲ ಕೆಳಗೆ ನೋಯುವುದು ಸಾಮಾನ್ಯ ಎಂದು ಎಲ್ಲರೂ ಹೇಳಿದರು. ಐಸ್ ಇಟ್ಟೆ, ಪಟ್ಟಿ ಸುತ್ತಿದೆ, ನೋವಿನ ಮಾತ್ರೆ ನುಂಗಿ ಓಡಿದೆ. ಹದಿಮೂರನೆಯ ವಾರ 26 ಕಿಲೋಮೀಟರಿನ ಲಾಂಗ್ ರನ್ನಿನಲ್ಲಿ 19ನೆಯ ಕಿಲೋಮೀಟರಿಗೆ ಕಾಲು ಊರಲಾಗಲಿಲ್ಲ. ಆ ರಾತ್ರಿ ಮಲಗಿದ್ದಾಗಲೂ ನೋವು ಮಿಡಿಯುತ್ತಿತ್ತು.

ಮೂಳೆ ವೈದ್ಯರು ಕೇಳಿದ ಮೊದಲ ಪ್ರಶ್ನೆ ಇದು: “ಎಲ್ಲಿ ನೋವು? ಅಂಗೈಯಿಂದ ಸವರಿ ತೋರಿಸುತ್ತೀರೋ, ಒಂದೇ ಬೆರಳಿಟ್ಟು ತೋರಿಸಬಲ್ಲಿರೋ?”

ತೋರುಬೆರಳಿಟ್ಟು ಒತ್ತಿದೆ. ಜಾಗ ತಪ್ಪಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರು ತಲೆಯಾಡಿಸಿದರು.

ಇದೊಂದನ್ನು ದಯವಿಟ್ಟು ನೆನಪಿಡಿ. ಮೂಳೆಯುದ್ದಕ್ಕೂ ಅಂಗೈ ಅಗಲಕ್ಕೆ ಹರಡಿದ ನೋವಾಗಿದ್ದು, ಬಿಡುವು ಕೊಟ್ಟರೆ ಇಳಿಯುತ್ತಿದ್ದರೆ ಅದು ಬಹುತೇಕ ಶಿನ್ ಸ್ಪ್ಲಿಂಟ್ಸ್, ಅಂದರೆ ಮೊಣಕಾಲ ಕೆಳಗಿನ ಮೂಳೆಯ ಅಂಚಿನುದ್ದಕ್ಕೂ ಬರುವ ನೋವು. ಬೆರಳ ತುದಿಯಷ್ಟು ಜಾಗದಲ್ಲಿ ಮೂಳೆಯ ಮೇಲೆಯೇ ನೋವಿದ್ದು, ನಡೆಯುವಾಗಲೂ ರಾತ್ರಿಯಲ್ಲೂ ಕಾಡಿದರೆ ಮೂಳೆಗೇ ಗಾಯವಾಗಿರಬಹುದು, ಓಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ತೊಡೆಸಂದಿಯಲ್ಲಿ ಆಳದ ನೋವಿದ್ದು ಕಾಲಿನ ಮೇಲೆ ಭಾರ ಬಿಟ್ಟಾಗ ಹೆಚ್ಚಾದರೆ ಒಂದು ದಿನವೂ ಕಾಯಬಾರದು. ತೊಡೆಮೂಳೆಯ ಕತ್ತಿನಲ್ಲಿ ಬಿರುಕು ಬಿಟ್ಟು ಅದು ಪೂರ್ತಿ ಮುರಿದರೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ‘ಏನೂ ಇಲ್ಲವಲ್ಲ’ ಎಂದು ಹಿಗ್ಗಿದೆ. ಇಂಥ ಗಾಯ ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಕಾಣದಿರುವುದೇ ಹೆಚ್ಚು, ಎಂಆರ್‌ಐ ಬೇಕು ಎಂದರು ವೈದ್ಯರು. ಸರದಿಗಾಗಿ ಆರು ದಿನ ಕಾಯಬೇಕಾಯಿತು. ಓಟಕ್ಕೆ ಐದು ವಾರ ಉಳಿದಿತ್ತು, ನಾನು ದಿನ ಎಣಿಸುತ್ತಿದ್ದೆ. ಆರು ದಿನ ಬಿಡುವು, ಆಮೇಲೆ ಎರಡು ವಾರ ನಿಧಾನವಾಗಿ ಓಡಿದರೆ ಸಾಧ್ಯವಾಗಬಹುದು ಎಂದು ಕಾಗದದ ಮೇಲೆ ಗೆರೆ ಎಳೆದು ನೋಡುತ್ತಿದ್ದೆ. ವರದಿ ಬಂತು: ಟಿಬಿಯಾಗೆ, ಅಂದರೆ ಮೊಣಕಾಲ ಕೆಳಗಿನ ದೊಡ್ಡ ಮೂಳೆಗೆ, ಮತ್ತೆ ಮತ್ತೆ ಬಿದ್ದ ಭಾರದಿಂದ ಆದ ಒತ್ತಡದ ಗಾಯ, ನಾಲ್ಕು ಹಂತಗಳಲ್ಲಿ ಮೂರನೆಯದು. ನಾಲ್ಕನೆಯದೆಂದರೆ ಬಿರುಕಿನ ಗೆರೆಯೇ ಕಾಣುವುದು. ಮೂಳೆಯ ಒಳಬದಿಯ ಅಂಚಿನಲ್ಲಾಗಿದ್ದರಿಂದ ವಾಸಿಯಾಗುತ್ತದೆ, ಮುಂಭಾಗದಲ್ಲಾಗಿದ್ದರೆ ಇನ್ನೂ ಬಹಳ ತಿಂಗಳು ಬೇಕಾಗುತ್ತಿತ್ತು ಎಂದು ಸಮಾಧಾನ ಹೇಳಿದರು. ನನಗೆ ಆ ಸಮಾಧಾನ ಹಿಡಿಸಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತೆ.

ಅದಕ್ಕೂ ಮೊದಲು ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು, ತೀರ ಸಹಜವಾಗಿ: “ಮುಟ್ಟು ಸರಿಯಾಗಿ ಆಗುತ್ತಿದೆಯೇ?” ಎರಡು ತಿಂಗಳಿಂದ ಆಗಿರಲಿಲ್ಲ. ದಣಿವಿಗೆ ಹೀಗಾಗುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ. ಲಾಂಗ್ ರನ್ ದಿನಗಳಲ್ಲಿ ತಪ್ಪಿದ್ದೇ ಒಳ್ಳೆಯದಾಯಿತು ಎಂದೂ ಅಂದುಕೊಂಡಿದ್ದೆ. ಓಡುವುದು ಹೆಚ್ಚಾದಂತೆ ಊಟ ಹೆಚ್ಚಾಗಿರಲಿಲ್ಲ, ತೂಕ ಇಳಿದಿದ್ದನ್ನು ಎಲ್ಲರೂ ಹೊಗಳುತ್ತಿದ್ದರು. ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದಿದ್ದಾಗ ಅದು ಮುಟ್ಟನ್ನು ನಿಲ್ಲಿಸುತ್ತದೆ, ಈಸ್ಟ್ರೋಜನ್ ಹಾರ್ಮೋನು ಇಳಿಯುತ್ತದೆ, ಮೂಳೆ ಸೊರಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ‘ರೆಡ್-ಎಸ್’ (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂದು ಹೆಸರಿಟ್ಟಿತು. ಗಂಡಸರಿಗೂ ಇದು ಬರುತ್ತದೆ, ಆದರೆ ಅವರಲ್ಲಿ ಇಷ್ಟು ಸ್ಪಷ್ಟವಾದ ಗುರುತು ಇರುವುದಿಲ್ಲ. ಓಡುವ ಹೆಣ್ಣುಮಕ್ಕಳೇ, ಮುಟ್ಟು ತಪ್ಪಿದರೆ ಅದನ್ನು ಅಭ್ಯಾಸದ ಫಲ ಎಂದುಕೊಳ್ಳಬೇಡಿ. ನಾಚಿಕೊಳ್ಳಲೂ ಬೇಡಿ. ನಾನು ಈ ಸಾಲುಗಳನ್ನು ಬರೆಯಲು ಹಿಂಜರಿದೆ, ಆದರೆ ಇಡೀ ಬರಹದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಇರಬಹುದು. ರಕ್ತ ಪರೀಕ್ಷೆಯಲ್ಲಿ ಡಿ ವಿಟಮಿನ್ ಕಡಿಮೆ ಇತ್ತು. ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಕೂಡ ತಳ ಹಿಡಿದಿತ್ತು. ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಅದೊಂದನ್ನೇ ನೋಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಕಾಗದದ ಕೆಲಸ. ಸ್ಥಾನ ಉಳಿಸಿಕೊಳ್ಳುವ ಗಡುವಿಗೆ ಇದ್ದದ್ದು ಎರಡೇ ದಿನ. ‘ವಿಶ್ರಾಂತಿ ಪಡೆಯಲು ಸಲಹೆ ನೀಡಲಾಗಿದೆ’ ಎಂಬ ವೈದ್ಯರ ಚೀಟಿಯನ್ನು ಕಳುಹಿಸಿದೆ. ತಿರಸ್ಕೃತವಾಗಿ ಬಂತು. ರೋಗನಿರ್ಣಯ, ಪರೀಕ್ಷೆಯ ದಿನಾಂಕ, ‘ಓಟದ ದಿನದಂದು ಭಾಗವಹಿಸಲು ಅರ್ಹರಲ್ಲ’ ಎಂಬ ವಾಕ್ಯ, ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ ಇಷ್ಟೂ ಬೇಕಂತೆ. ಮತ್ತೆ ಹೋಗಿ, ಸರದಿಯಲ್ಲಿ ಕುಳಿತು, ಬರೆಸಿಕೊಂಡು, ಗಡುವಿನ ದಿನ ಸಂಜೆ ಕಳುಹಿಸಿದೆ. ಉತ್ತರ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಸ್ಥಾನ ಉಳಿಯಿತು, ಹಣ ಉಳಿಯಲಿಲ್ಲ. ಮುಂದಿನ ವರ್ಷ ಶುಲ್ಕವನ್ನು ಹೊಸದಾಗಿ ಕಟ್ಟಬೇಕು. ನೀವು ಮೊದಲ ಭೇಟಿಯಲ್ಲಿಯೇ ಈ ಎಲ್ಲ ವಿವರಗಳಿರುವ ಪತ್ರವನ್ನು ಕೇಳಿ ಪಡೆಯಿರಿ. ಇನ್ನೊಬ್ಬರ ಸಂಖ್ಯೆ ಧರಿಸಿ ಓಡುವುದು, ನಿಮ್ಮ ಸಂಖ್ಯೆಯನ್ನು ಸ್ನೇಹಿತರಿಗೆ ಕೊಡುವುದು ಎರಡೂ ಬೇಡ. ದಾರಿಯಲ್ಲಿ ಕುಸಿದು ಬಿದ್ದರೆ ವೈದ್ಯರ ಕೈಗೆ ಸಿಗುವುದು ಬೇರೆಯವರ ರಕ್ತದ ಗುಂಪು.

ಖರ್ಚಿನ ವಿಷಯದಲ್ಲಿ ನನ್ನ ಎಣಿಕೆಯೆಲ್ಲ ತಲೆಕೆಳಗಾಯಿತು. ಎರಡು ವರ್ಷದಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಹೋದದ್ದು ಎಂಆರ್‌ಐ ಮತ್ತು ಫಿಸಿಯೋಥೆರಪಿಗೆ. ನಂತರ ಶೂ, ನಾಲ್ಕು ಜೋಡಿ; ಒಂದು ಜೋಡಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಆಮೇಲೆ ಎರಡು ಬಾರಿಯ ನೋಂದಣಿ. ಮೊದಲ ವರ್ಷ ನಾನು ಆಸೆಪಟ್ಟು ಕೊಂಡ ದುಬಾರಿ ಗಡಿಯಾರದಿಂದ ಆದ ಉಪಕಾರ ಕಡಿಮೆ. ಅಡಿಭಾಗದೊಳಗೆ ಕಾರ್ಬನ್ ತಟ್ಟೆಯಿರುವ ರೇಸಿಂಗ್ ಶೂ ಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಮೊದಲ ಮ್ಯಾರಥಾನಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಹಣವನ್ನು ರಕ್ತ ಪರೀಕ್ಷೆಗೂ ನಾಲ್ಕು ಸಲ ಫಿಸಿಯೋಥೆರಪಿಸ್ಟ್ ಬಳಿ ಹೋಗುವುದಕ್ಕೂ ಇಟ್ಟುಕೊಳ್ಳಿ.

ಓಡದ ಎಂಟು ವಾರಗಳೇ ಎರಡು ವರ್ಷದ ಅತಿ ಕಷ್ಟದ ಭಾಗ. ಮೊದಲ ಎರಡು ವಾರ ಊರುಗೋಲು. ಬೆಳಗ್ಗೆ ಐದಕ್ಕೆ ಎಚ್ಚರವಾಗುತ್ತಿತ್ತು, ಮಾಡಲು ಕೆಲಸವಿರುತ್ತಿರಲಿಲ್ಲ. ಕಿಟಕಿಯಾಚೆ ಯಾರಾದರೂ ಓಡುತ್ತಾ ಹೋದರೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ನಾನು ಓಡಬೇಕಿದ್ದ ಮ್ಯಾರಥಾನ್ ನಡೆದ ಭಾನುವಾರ ಮೊಬೈಲನ್ನು ಆರಿಸಿಟ್ಟು ಇಡೀ ದಿನ ಮಲಗಿದ್ದೆ. ಮನೆಯವರಿಗೆ ‘ಒಂದು ಓಟಕ್ಕೆ ಇಷ್ಟೇಕೆ’ ಎಂಬುದು ಅರ್ಥವಾಗಲಿಲ್ಲ. ಅವರ ತಪ್ಪಲ್ಲ. ಎಷ್ಟೋ ವರ್ಷಗಳ ನಂತರ ನನ್ನದೆಂದು ನಾನು ಕಟ್ಟಿಕೊಂಡಿದ್ದ ಒಂದು ಗಂಟೆ ಕಳೆದುಹೋಗಿತ್ತು. ಅದನ್ನು ಅವರಿಗೆ ಬಿಡಿಸಿ ಹೇಳಲು ಆಗ ನನಗೆ ಬರಲಿಲ್ಲ.

ಜೋನ್ ಬೆನೋಯಿಟ್ ಅವರ ಕಥೆಯನ್ನು ಫಿಸಿಯೋಥೆರಪಿಸ್ಟ್ ಮುಂದೆ ಇಟ್ಟದ್ದೂ ಈ ದಿನಗಳಲ್ಲಿಯೇ. 1984ರಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾದ 17 ದಿನಕ್ಕೆ ಅಮೆರಿಕದ ಆಯ್ಕೆ ಮ್ಯಾರಥಾನ್ ಗೆದ್ದು, ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ಮೊದಲ ಬಾರಿಗೆ ನಡೆದ ಮಹಿಳೆಯರ ಒಲಿಂಪಿಕ್ ಮ್ಯಾರಥಾನಿನಲ್ಲಿ ಚಿನ್ನ ಪಡೆದವರು ಅವರು. ನನಗೂ ಹಾಗೆಯೇ ಬೇಗ ಏಳಲು ಆಗಬಾರದೇಕೆ ಎಂದು ಕೇಳಿದೆ.

“ಅವರದು ಮಂಡಿ, ನಿಮ್ಮದು ಮೂಳೆ,” ಎಂದರು. “ಮೂಳೆಗೆ ಛಲ ಕೇಳಿಸುವುದಿಲ್ಲ. ಪೌಲಾ ರ‍್ಯಾಡ್‌ಕ್ಲಿಫ್ ಕಥೆಯನ್ನೂ ಓದಿಕೊಂಡು ಬನ್ನಿ.”

ಓದಿದೆ. 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ ರ‍್ಯಾಡ್‌ಕ್ಲಿಫ್, 2008ರಲ್ಲಿ ತೊಡೆಮೂಳೆಯ ಒತ್ತಡದ ಬಿರುಕಿನಿಂದ ಚೇತರಿಸಿಕೊಳ್ಳಲು ಸಮಯ ಸಾಲದೆ ಬೀಜಿಂಗ್ ಒಲಿಂಪಿಕ್ಸಿಗೆ ಹೋಗಿ 23ನೆಯವರಾಗಿ ಮುಗಿಸಿದರು. ದೂರದ ಓಟದಲ್ಲಿ ಅಷ್ಟು ಎತ್ತರಕ್ಕೆ ಹೋದವರ ಮೂಳೆಗೂ ಅದರದೇ ಲೆಕ್ಕವಿದೆ ಎಂದು ತಿಳಿದ ಮೇಲೆ ನನ್ನೊಳಗಿನ ಜಗಳ ಸ್ವಲ್ಪ ತಣ್ಣಗಾಯಿತು.

ಮೂರನೆಯ ವಾರದಿಂದ ಈಜುಕೊಳದಲ್ಲಿ ಸೊಂಟಕ್ಕೆ ತೇಲುವ ಪಟ್ಟಿ ಕಟ್ಟಿಕೊಂಡು ಆಳದ ನೀರಿನಲ್ಲಿ ಓಡಿದೆ. ಪಾದ ನೆಲಕ್ಕೆ ತಾಕುವುದಿಲ್ಲ, ಉಸಿರು ಮಾತ್ರ ಏರುತ್ತದೆ. ತುಂಬ ಬೇಸರದ ಕೆಲಸ, ಆದರೆ ಮನಸ್ಸು ನಿಂತದ್ದು ಅದರಿಂದಲೇ. ಐದನೆಯ ವಾರದಿಂದ ಸೈಕಲ್. ಹೊಟ್ಟೆ ತುಂಬ ತಿಂದೆ, ಮಾತ್ರೆ ತಪ್ಪಿಸಲಿಲ್ಲ. ಏಳನೆಯ ವಾರದಲ್ಲಿ ಮುಟ್ಟಾಯಿತು. ಆ ದಿನ ವೈದ್ಯರಿಗೆ ಸಂದೇಶ ಕಳುಹಿಸಿದ್ದು ಪದಕ ಗೆದ್ದಷ್ಟೇ ಸಂತೋಷದಿಂದ.

ಓಟಕ್ಕೆ ಮರಳಲು ನನಗೆ ಹಾಕಿದ ಷರತ್ತು ಮೂರು. ಬೆರಳಿಟ್ಟು ಒತ್ತಿದರೆ ನೋವಿರಬಾರದು. ಅರ್ಧ ಗಂಟೆ ಬಿರುಸಾಗಿ ನಡೆದರೂ, ಮಾರನೆಯ ಬೆಳಗ್ಗೆಯೂ ನೋವು ಬರಬಾರದು. ಆ ಒಂದೇ ಕಾಲಿನ ಮೇಲೆ ಹತ್ತು ಸಲ ಕುಪ್ಪಳಿಸಿದರೂ ಏನೂ ಅನ್ನಿಸಬಾರದು. ಒಂಬತ್ತನೆಯ ವಾರದ ಮಂಗಳವಾರ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸುತ್ತು. ಮೊದಲು ಶುರು ಮಾಡಿದ್ದ ಜಾಗಕ್ಕೇ ಬಂದು ನಿಂತಿದ್ದೆ. ಒಂದು ದಿನ ಬಿಟ್ಟು ಒಂದು ದಿನ, ವಾರಕ್ಕೆ ಇಷ್ಟಿಷ್ಟೇ ಏರಿಸುತ್ತಾ ಹೋದೆ. ಅರ್ಧ ಗಂಟೆ ನಿಲ್ಲದೆ ಓಡಲು ಈ ಸಲವೂ ಎರಡು ತಿಂಗಳಾಯಿತು. ಜೊತೆಗೆ ವಾರಕ್ಕೆರಡು ದಿನ ಮೀನಖಂಡ, ತೊಡೆ, ಸೊಂಟಕ್ಕೆ ಭಾರ ಎತ್ತುವ ವ್ಯಾಯಾಮ. ಅದನ್ನು ಇಂದಿಗೂ ಬಿಟ್ಟಿಲ್ಲ.

ನಿಧಾನದ ಓಟವನ್ನು ನಿಜಕ್ಕೂ ನಿಧಾನವಾಗಿ ಓಡುವುದನ್ನು ಆಗ ಕಲಿತೆ. ಅಳತೆ ಸರಳ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಬೇಕಾದರೆ ವೇಗ ಹೆಚ್ಚಾಗಿದೆ ಎಂದರ್ಥ. ನನ್ನ ವೇಗ ಕಿಲೋಮೀಟರಿಗೆ 7 ನಿಮಿಷ 30 ಸೆಕೆಂಡಿಗೆ ಇಳಿಯಿತು. ಅರವತ್ತು ದಾಟಿದ ಒಬ್ಬ ಹಿರಿಯರು ಪ್ರತಿದಿನ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಮೊದಮೊದಲು ಕಸಿವಿಸಿಯಾಗುತ್ತಿತ್ತು. ಒಂದು ದಿನ ಅವರೇ ನಿಂತು, “ನೀವು ಸರಿಯಾಗಿ ಓಡುತ್ತಿದ್ದೀರಿ, ಹೀಗೆಯೇ ಹೋಗಿ,” ಎಂದರು. ಆ ಮಾತು ಬಹಳ ದಿನ ನನ್ನ ಜೊತೆಗಿತ್ತು. ಏಳು ತಿಂಗಳಲ್ಲಿ ಅರ್ಧ ಮ್ಯಾರಥಾನ್ ಓಡಿದೆ. ಅದಾದ ಮೇಲೆಯೇ ಹದಿನೆಂಟು ವಾರದ ಕೋಷ್ಟಕವನ್ನು ಎರಡನೆಯ ಬಾರಿ ಗೋಡೆಗೆ ಅಂಟಿಸಿದ್ದು.

ಈ ಸಲದ ಹದಿನೆಂಟು ವಾರದ ಬಗ್ಗೆ ಹೇಳುವುದು ಕಡಿಮೆ. ಪ್ರತಿ ನಾಲ್ಕನೆಯ ವಾರ ದೂರ ಇಳಿಸಿದೆ. ಮೂರು ಲಾಂಗ್ ರನ್ 28 ಕಿಲೋಮೀಟರ್ ದಾಟಿದವು, ಅತಿ ದೊಡ್ಡದು 32. ಜ್ವರ ಬಂದು ಒಂದು ವಾರ ತಪ್ಪಿತು. ಅದನ್ನು ಸರಿದೂಗಿಸಲು ಹೋಗಲಿಲ್ಲ. ಲಾಂಗ್ ರನ್‌ಗಳಲ್ಲಿ ಜೆಲ್, ಅಂದರೆ ಶಕ್ತಿಗಾಗಿ ಓಡುತ್ತಲೇ ನುಂಗುವ ಸಿಹಿ ಲೇಹ್ಯ, ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಹೊಟ್ಟೆಗೂ ಅಭ್ಯಾಸ ಬೇಕು, ಓಟದ ದಿನ ಹೊಸದೇನನ್ನೂ ಬಾಯಿಗೆ ಹಾಕಬಾರದು. ಕೊನೆಯ ಮೂರು ವಾರ ಟೇಪರ್, ಅಂದರೆ ಓಟದ ದೂರವನ್ನು ಇಳಿಸುತ್ತಾ ಬರುವುದು. ಈ ವಾರಗಳಲ್ಲಿ ಇಲ್ಲದ ನೋವೆಲ್ಲ ಬಂದಂತೆ ಅನ್ನಿಸುತ್ತದೆ. ನಾನು ದಿನಕ್ಕೆ ನಾಲ್ಕು ಸಲ ಹಳೆಯ ಗಾಯದ ಜಾಗವನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದೆ.

ಬಿಬ್, ಅಂದರೆ ಓಟಗಾರರು ಎದೆಗೆ ಧರಿಸುವ ಸಂಖ್ಯೆಯ ಹಾಳೆ, ತರಲು ಹೋದಾಗ ಇನ್ನೊಂದು ತೊಡಕು. ನೋಂದಣಿಯಲ್ಲಿ ನನ್ನ ಹೆಸರಿನ ಒಂದು ಅಕ್ಷರ ಗುರುತಿನ ಚೀಟಿಗಿಂತ ಬೇರೆಯಾಗಿತ್ತು. ದೃಢೀಕರಣದ ಮಿಂಚಂಚೆ, ಕಳೆದ ವರ್ಷದ ಪತ್ರ ಎರಡನ್ನೂ ತೋರಿಸಿ, ಮೂರು ಮೇಜು ಸುತ್ತಿ, ಒಂದೂವರೆ ಗಂಟೆಯ ನಂತರ ಬಿಬ್ ಕೈಗೆ ಬಂತು. ಎಲ್ಲ ಕಾಗದಗಳನ್ನೂ ಅಚ್ಚು ಹಾಕಿಸಿಕೊಂಡು ಹೋಗಿ, ಕೊನೆಯ ದಿನಕ್ಕೆ ಬಿಡಬೇಡಿ. ಬಿಬ್ಬಿನ ಹಿಂಭಾಗದ ಖಾಲಿ ಜಾಗಗಳಲ್ಲಿ ನಿಮಗಿರುವ ಕಾಯಿಲೆ, ತೆಗೆದುಕೊಳ್ಳುವ ಔಷಧಿಗಳನ್ನು ಬರೆಯಿರಿ. ನಿಮ್ಮ ಓಟದ ಸಮಯ ದಾಖಲಿಸುವ ಚಿಪ್ ಸಾಮಾನ್ಯವಾಗಿ ಬಿಬ್ಬಿಗೇ ಅಂಟಿರುತ್ತದೆ, ಮಡಚಬೇಡಿ.

ಓಟದ ದಿನ. ನಾನಿದ್ದದ್ದು ಕೊನೆಯ ಗುಂಪಿನಲ್ಲಿ. ಗುಂಡು ಹಾರಿ 13 ನಿಮಿಷ 38 ಸೆಕೆಂಡ್ ಕಳೆದ ಮೇಲೆ ನಾನು ಆರಂಭದ ಗೆರೆ ದಾಟಿದೆ. ಹೆದರಬೇಡಿ, ನಿಮ್ಮ ಚಿಪ್ಪಿನ ಸಮಯ ಅಲ್ಲಿಂದಲೇ ಶುರುವಾಗುತ್ತದೆ. ಆದರೆ ದಾರಿ ಮುಚ್ಚುವ ಕಟ್-ಆಫ್ ಸಮಯವನ್ನು ಗುಂಡಿನಿಂದ ಎಣಿಸುತ್ತಾರೋ ಚಿಪ್ಪಿನಿಂದಲೋ ಎಂಬುದನ್ನು ಮೊದಲೇ ತಿಳಿದುಕೊಳ್ಳಿ. 4 ಗಂಟೆ 45 ನಿಮಿಷದಲ್ಲಿ ಮುಗಿಯುವಂತೆ ಒಂದೇ ವೇಗದಲ್ಲಿ ಓಡಿ ದಾರಿ ತೋರಿಸುವ ಪೇಸರ್ ಜೊತೆ ಹೊರಟೆ. ಹತ್ತು ಕಿಲೋಮೀಟರ್ ಹೊತ್ತಿಗೆ ಕಾಲು ಹಗುರವಾಗಿ, ಅವರನ್ನು ಬಿಟ್ಟು ಮುಂದೆ ಹೋದೆ. ಅರ್ಧದ ಗೆರೆಯಲ್ಲಿ 2 ಗಂಟೆ 20 ನಿಮಿಷ 40 ಸೆಕೆಂಡ್. ಮುಂದೆ ಹೋಗಬಾರದಿತ್ತು.

ನನ್ನ ತೂಕ 64 ಕಿಲೋ. ಒಂದು ಕಿಲೋಮೀಟರ್ ಓಡಲು ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. ಇಡೀ ದಾರಿಗೆ 2,700ರಷ್ಟು. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ಎಂಬ ಕಾರ್ಬೊಹೈಡ್ರೇಟ್ ರೂಪದಲ್ಲಿ ಇರುವ ದಾಸ್ತಾನು ಸುಮಾರು 2,000 ಕಿಲೋಕ್ಯಾಲರಿ. ಉಳಿದದ್ದು ಕೊಬ್ಬಿನಿಂದ ಬರಬೇಕು, ವೇಗ ಹೆಚ್ಚಿದಷ್ಟೂ ಅದರ ಪಾಲು ಕಡಿಮೆಯಾಗುತ್ತದೆ. ಗೋಡೆಗೆ ಬಡಿದಂತೆ ಎಂದು ಎಲ್ಲರೂ ಹೇಳುವ 30ನೆಯ ಕಿಲೋಮೀಟರಿನ ಆಚೆಯ ಕುಸಿತ ಬರುವುದು ಈ ಲೆಕ್ಕದಿಂದ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಎಂದು ಮೊದಲಿನಿಂದಲೇ ಜೆಲ್ ತೆಗೆದುಕೊಂಡಿದ್ದರಿಂದ ನಾನು ಪೂರ್ತಿ ಕುಸಿಯಲಿಲ್ಲ. ನೀರನ್ನು ಬಾಯಾರಿದಷ್ಟೇ ಕುಡಿದೆ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಮಂದಿಯಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಅದಕ್ಕೆ ಮುಖ್ಯ ಕಾರಣ ಅತಿಯಾಗಿ ಕುಡಿದದ್ದು, ಓಡುತ್ತಾ ತೂಕ ಏರಿಸಿಕೊಂಡದ್ದು. ಇನ್ನೊಂದು ವಿಷಯ: ಆ ದಿನ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗಿ ಓಡಬೇಡಿ, ದಣಿದ ಮೂತ್ರಪಿಂಡಕ್ಕೆ ಅದು ದೊಡ್ಡ ಹೊರೆ.

33ನೆಯ ಕಿಲೋಮೀಟರಿನಲ್ಲಿ ಪೇಸರ್ ನನ್ನನ್ನು ದಾಟಿದರು. “ಬನ್ನಿ,” ಎಂದು ಕೈ ಬೀಸಿದರು. ಹೋಗಲಾಗಲಿಲ್ಲ. 34ರಲ್ಲಿ ಎಡ ಮೊಣಕಾಲ ಕೆಳಗೆ ಚುಳ್ಳೆಂದಿತು.

ಅದೇ ಕಾಲು, ಅದೇ ಒಳಬದಿ. ಎದೆ ಧಸಕ್ಕೆಂದಿತು. ಎಂಟು ವಾರ, ಊರುಗೋಲು, ಈಜುಕೊಳ, ಆ ಭಾನುವಾರ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. 2023ರ ಲಂಡನ್ ಮ್ಯಾರಥಾನಿನಲ್ಲಿ ನೆದರ್ಲೆಂಡ್ಸಿನ ಓಟಗಾರ್ತಿ ಸಿಫಾನ್ ಹಸನ್ ಸೊಂಟದ ನೋವಿಗೆ ನಡುದಾರಿಯಲ್ಲಿ ನಿಂತು, ಮೈ ಎಳೆದು ಸಡಿಲಿಸಿಕೊಂಡು, ಮತ್ತೆ ಓಡಿ ಗೆದ್ದದ್ದನ್ನು ನೋಡಿದ್ದೆ. ಅದು ಅವರ ಮೊದಲ ಮ್ಯಾರಥಾನ್. ನಿಂತರೆ ಓಟ ಮುಗಿದಂತಲ್ಲ ಎಂದು ಅಂದುಕೊಂಡು ರಸ್ತೆಯ ಅಂಚಿಗೆ ಸರಿದು ಬಗ್ಗಿದೆ. ತೋರುಬೆರಳಿಟ್ಟು ಹಳೆಯ ಜಾಗವನ್ನು ಒತ್ತಿದೆ. ನೋವಿಲ್ಲ. ಒಂದಿಂಚು ಮೇಲೆ, ಒಂದಿಂಚು ಕೆಳಗೆ ಒತ್ತಿದೆ. ಎಲ್ಲ ಕಡೆ ಒಂದೇ ಸಮ, ಮೀನಖಂಡದವರೆಗೆ ಹರಡಿದ ದಣಿದ ಸ್ನಾಯುವಿನ ನೋವು. ಅಂಗೈ ಅಗಲದ ನೋವು. ಒಂದೇ ಕಾಲಿನ ಮೇಲೆ ಎರಡು ಸಲ ಕುಪ್ಪಳಿಸಿದೆ. ಪಕ್ಕದಲ್ಲಿ ನೀರು ಕೊಡುತ್ತಿದ್ದ ಹುಡುಗಿ ಕಣ್ಣರಳಿಸಿ ನೋಡಿದಳು. ಬೆರಳಿಗೆ ಸಿಕ್ಕಿದ್ದರೆ ಅಲ್ಲಿಯೇ ಬಿಬ್ ಬಿಚ್ಚುತ್ತಿದ್ದೆ, ಹಾಗೆಂದು ಮೊದಲೇ ನಿರ್ಧರಿಸಿಕೊಂಡಿದ್ದೆ. ಸಿಗಲಿಲ್ಲ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಲೆಕ್ಕ ಹಾಕಿಕೊಂಡು ಹೊರಟೆ. ಕೊನೆಯ ಎರಡು ಕಿಲೋಮೀಟರ್ ನಡೆಯಲಿಲ್ಲ.

ಕೊನೆಯ ಆ 195 ಮೀಟರ್ ಎಲ್ಲಿಂದ ಬಂತು ಎಂದು ಓಡುವವರೆಲ್ಲ ಒಮ್ಮೆಯಾದರೂ ಕೇಳಿಕೊಳ್ಳುತ್ತಾರೆ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಅರಮನೆಯಿಂದ ಕ್ರೀಡಾಂಗಣದೊಳಗಿನ ರಾಜಪೀಠದ ಮುಂದಿನವರೆಗೆ ಓಡಿದ ದೂರ ಅದು, 1921ರಲ್ಲಿ ಅದನ್ನೇ ಅಧಿಕೃತ ದೂರವಾಗಿ ನಿಗದಿ ಮಾಡಿದರು. ನನಗೆ ಆ 195 ಮೀಟರ್ ಮಾತ್ರ ಸರಿಯಾಗಿ ನೆನಪಿದೆ: ಕಮಾನು, ಗಡಿಯಾರದ ಕೆಂಪು ಅಂಕಿಗಳು, ಮುಂದೆ ಓಡುತ್ತಿದ್ದವರ ಬೆನ್ನಿನ ಮೇಲೆ ಒಣಗಿದ ಉಪ್ಪಿನ ಬಿಳಿ ಗೆರೆಗಳು. ಗೆರೆ ದಾಟಿದ ಮೇಲೆ ಪದಕ ಹಾಕಿದವರ ಭುಜಕ್ಕೆ ಒರಗಿ ಅತ್ತೆ. ಅವರು ಕೈ ಬಿಡಿಸಿಕೊಳ್ಳದೆ ನಿಂತಿದ್ದರು.

ಮುಗಿಸಿದ ತಕ್ಷಣ ಕೂರಬೇಡಿ, ಹತ್ತು ನಿಮಿಷವಾದರೂ ನಡೆಯಿರಿ. ಒಣ ಬಟ್ಟೆ, ಸಡಿಲವಾದ ಚಪ್ಪಲಿಗಳನ್ನು ಚೀಲದಲ್ಲಿ ಮೇಲೆಯೇ ಇಟ್ಟಿರಿ. ಆ ಹೊತ್ತಿನಲ್ಲಿ ಬಗ್ಗಿ ಹುಡುಕಲು ಆಗುವುದಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಮಲಗುವ ಮೊದಲು ಇನ್ನೊಮ್ಮೆ ಬೆರಳಿಟ್ಟು ನೋಡಿದೆ. ಸೋಮವಾರವೂ ನೋಡಿದೆ, ಇವತ್ತು ಬೆಳಗ್ಗೆಯೂ. ಎರಡು ವಾರ ಓಟವಿಲ್ಲ ಎಂದು ಫಿಸಿಯೋಥೆರಪಿಸ್ಟ್ ಬರೆದುಕೊಟ್ಟಿದ್ದಾರೆ. ನಾಳೆ ಇಪ್ಪತ್ತು ನಿಮಿಷ ನಡೆಯುವುದಿದೆ.